ಕೊಂಬೆಯ ಮೇಲೊಂದು ಗಂಟೆ

ಕಲ್ಯಾಣದುರ್ಗ, ಹಿಂದೂಪುರ ಸೀಮೆಯವರಿಗೆ ಹತ್ತುವ ಪಂದ್ಯವೆಂದರೆ ಉಟ್ಲ ಮಾನು. ಜಿಡ್ಡು ಬಳಿದ ಎತ್ತರದ ಕಂಬ, ಮೇಲಿನಿಂದ ಸುರಿಯುವ ನೀರು, ಜಾರಿ ಜಾರಿ ಮತ್ತೆ ಏರುವ ಹುಡುಗರು, ಸುತ್ತ ಪರಿಷೆಯ ಕೇಕೆ. ಇದೇ ಸೀಮೆಯಲ್ಲಿ ಕೇಕೆ ಚಪ್ಪಾಳೆಗಳಿಲ್ಲದೆ ಹತ್ತುವವರೂ ಇದ್ದಾರೆ. ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಕಂಬದೂರಿನ ಕಡೆ ಹೊಲದ ಬದುವಿನ, ರಸ್ತೆಯಂಚಿನ ಹುಣಸೆ ಮರಗಳಿಂದ ಹಣ್ಣು ಉದುರಿಸುವವರು. ಹಿಂದೂಪುರದ ಹೆಸರಾಂತ ಹುಣಸೆ ಮಾರುಕಟ್ಟೆಯ ಮೂಟೆಗಳು ತುಂಬುವುದು ಇಂಥವರು ಕೊಂಬೆಯ ತುದಿಯವರೆಗೆ ಹೋಗಿ ಅಲುಗಿಸಿದಾಗ, ಗಳ ಹಿಡಿದು ಬಡಿದಾಗ.

ಈ ಬಗೆಯ ಕೆಲಸವನ್ನೇ ಪಂದ್ಯವಾಗಿ ಕಟ್ಟಿದವರು ಹೊರದೇಶಗಳ ಆರ್ಬರಿಸ್ಟ್‌ಗಳು, ಅಂದರೆ ಮರಗಳ ಆರೈಕೆಯನ್ನೇ ವೃತ್ತಿಯಾಗಿಸಿಕೊಂಡವರು. ಅಮೆರಿಕದಲ್ಲಿ 1924ರಲ್ಲಿ ಹುಟ್ಟಿದ ಅವರ ಸಂಘಕ್ಕೆ ಈಗ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬೊರಿಕಲ್ಚರ್ ಎಂದು ಹೆಸರು. ಅದರ ಮರ ಹತ್ತುವ ಚಾಂಪಿಯನ್‌ಷಿಪ್ 1976ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಶುರುವಾಯಿತು. ಇಂದು ಹಲವು ದೇಶಗಳ ಗಂಡಸರೂ ಹೆಂಗಸರೂ ಅಲ್ಲಿ ಸೆಣಸುತ್ತಾರೆ.

ವೇಗದ ಏರಿಕೆ ಅದರಲ್ಲಿ ಒಂದು ಭಾಗವಷ್ಟೇ. ಸಣ್ಣ ತೂಕದ ಚೀಲ ಕಟ್ಟಿದ ದಾರವನ್ನು ಎತ್ತರದ ಕವಲಿಗೆ ಗುರಿಯಿಟ್ಟು ಎಸೆಯುವುದು ಇನ್ನೊಂದು. ಆ ದಾರದ ಬೆನ್ನಿಗೇ ಹಗ್ಗ ಮೇಲೇರಬೇಕಲ್ಲ. ನನಗೆ ಬಹಳ ಹಿಡಿಸಿದ್ದು ‘ಕೆಲಸದ ಏರಿಕೆ’. ಮರದ ನಾನಾ ಕಡೆ ಗಂಟೆ ಕಟ್ಟಿರುತ್ತಾರೆ. ಸೊಂಟಪಟ್ಟಿ ಬಿಗಿದು ಹಗ್ಗಕ್ಕೆ ಜೋತ ಸ್ಪರ್ಧಿ ಮರದ ಮೇಲಿಂದ ಹೊರಟು ಒಂದನ್ನು ಕೈಗರಗಸದಿಂದ ಬಾರಿಸಬೇಕು, ಇನ್ನೊಂದನ್ನು ಕೋಲುಗರಗಸದಿಂದ. ಮತ್ತೊಂದು ಗಂಟೆಯಿರುವುದು ಚಾಚಿದ ಕೊಂಬೆಯ ತುದಿಯಲ್ಲಿ. ಅಲ್ಲಿಗೆ ನಡೆಯುವಾಗ ಮೈಭಾರವೆಲ್ಲ ಹಗ್ಗದ ಮೇಲಿರಬೇಕು. ಕೊಂಬೆ ಮಿತಿ ಮೀರಿ ಬಾಗಿದರೆ ಅಂಕ ಹೋಯಿತು. ಕೊನೆಗೆ ನೆಲದಲ್ಲಿ ಬರೆದ ಗುರುತಿನೊಳಗೆ ಎರಡೂ ಪಾದ ಹದವಾಗಿ ಊರಬೇಕು.

ಇನ್ನೊಂದು ಸುತ್ತು ರಕ್ಷಣೆಯದು. ಮೇಲೆ ಗಾಯಗೊಂಡ ಜೊತೆಗಾರನ ಬದಲಿಗೆ ಮನುಷ್ಯನಷ್ಟೇ ಭಾರದ ಬೊಂಬೆ ನೇತಾಡುತ್ತಿರುತ್ತದೆ. ಅದನ್ನು ಐದು ನಿಮಿಷದೊಳಗೆ, ಎಲ್ಲಿಯೂ ಬಡಿಯದಂತೆ ಕೆಳಗಿಳಿಸಬೇಕು. ಬೀಳಬಹುದು ಎಂಬುದನ್ನು ಒಪ್ಪಿಕೊಂಡು, ಅದಕ್ಕೆ ತಯಾರಿ ಮಾಡಿಸುವ ಇಂಥ ಆಟ ನಮ್ಮಲ್ಲೂ ಬೇಕು ಅನ್ನಿಸುವುದು ಇಲ್ಲಿಯೇ.

ನಮ್ಮಲ್ಲಿ ತರಬೇತಿ ಸಿಕ್ಕಿರುವುದು ಹೆಚ್ಚಾಗಿ ತೆಂಗು, ಅಡಿಕೆಗೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ತರಬೇತಿ ಆರಂಭಿಸಿ, ಯಂತ್ರದ ನೆರವಿನಿಂದ ಹತ್ತುವುದನ್ನು ಯುವಕರಿಗೂ ಯುವತಿಯರಿಗೂ ಕಲಿಸಿತು. ಹತ್ತುವವರಿಗೆಂದೇ ‘ಕೇರ ಸುರಕ್ಷಾ’ ವಿಮೆಯೂ ಇದೆ. ಅಡಿಕೆ ಗೊನೆ ಇಳಿಸುವ ಮಲೆನಾಡಿನ ಕೊನೆಗೌಡರು ಒಂದು ಮರದಿಂದಲೇ ಪಕ್ಕದ ಮರಕ್ಕೆ ದಾಟುವುದನ್ನು ಕಂಡವರಿಗೆ, ಪಳಗಿದ ಮೈ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಹುಣಸೆಗೆ ಮಾತ್ರ ಆ ಯಂತ್ರ ಒದಗುವುದಿಲ್ಲ. ಕವಲಿಲ್ಲದ, ನೇರ ಕಾಂಡವನ್ನು ತಬ್ಬಿ ಏರುವಂಥದ್ದು ಅದು. ಹುಣಸೆಯ ಬೊಡ್ಡೆ ದಪ್ಪ, ಗಂಟುಗಂಟು, ಹಣ್ಣಿರುವುದು ತೆಳುಕೊಂಬೆಗಳಲ್ಲಿ. ಇಲ್ಲಿಗೆ ಸರಿಹೊಂದುವುದು ಮೇಲಿನ ಗಟ್ಟಿ ಕವಲಿಗೆ ಹಗ್ಗ ಹಾಕಿ, ಅದರ ಆಸರೆಯಲ್ಲಿ ತುದಿಗೆ ಸರಿಯುವ ಆರ್ಬರಿಸ್ಟ್‌ಗಳ ಕ್ರಮವೇ. ಸವರುವ ಕೆಲಸಕ್ಕೆ ಅವರು ಮೊಳೆಬೂಟು ತೊಡುವುದಿಲ್ಲ. ಮೊಳೆ ಚುಚ್ಚಿದಲ್ಲೆಲ್ಲ ಜೀವಂತ ತೊಗಟೆಗೆ ಗಾಯ. ತಲೆಮಾರುಗಳಿಂದ ಫಲ ಕೊಡುವ ಮರವಿದ್ದವರಿಗೆ ಇದೂ ಮುಖ್ಯ.

ಹಗ್ಗ, ಸೊಂಟಪಟ್ಟಿ, ತಲೆಗೊಂದು ಹೆಲ್ಮೆಟ್, ಕಲಿಸಲು ಒಬ್ಬ ನುರಿತವರು: ಮೊದಲಿಗೆ ಬೇಕಾದುದು ಇಷ್ಟು. ಕೊಂಬೆಯ ಮಾತು ಬಲ್ಲ ಹಿರಿಯರು ಊರಲ್ಲೇ ಇದ್ದಾರೆ. ಯಾವ ಕವಲು ಭಾರ ತಡೆಯುತ್ತದೆ, ಯಾವುದು ಒಳಗೇ ಒಣಗಿದೆ ಎಂದು ನೋಡಿಯೇ ಹೇಳುವ ಅವರನ್ನು ತೀರ್ಪುಗಾರರಾಗಿ ಕೂರಿಸಿ, ಹಣ್ಣು ಇಳಿಸಿ ಮುಗಿದ ಮೇಲೆ ಒಂದು ಮರಕ್ಕೆ ಗಂಟೆ ಕಟ್ಟಬಹುದು. ರಕ್ಷಣೆಯ ಸುತ್ತನ್ನು ಮಾತ್ರ ಹಣ್ಣಿನ ಕಾಲಕ್ಕೆ ಮೊದಲೇ ಆಡಿಸಬೇಕು.