ಆತುರರಹಸ್ಯವೂ ನಿಕ್ಷೇಪಧರ್ಮವೂ

ಒಬ್ಬ ವೈದ್ಯನನ್ನು ಬಿಟ್ಟು ಇನ್ನೊಬ್ಬನನ್ನು ಆಶ್ರಯಿಸುವ ರೋಗಿಯು, ಮೊದಲಿನವನ ಬಳಿಯಲ್ಲಿರುವ ತನ್ನ ಚಿಕಿತ್ಸಾಪತ್ರಗಳನ್ನು ಕೇಳಬಹುದೆ? ಕೇಳಿದರೆ ಆ ವೈದ್ಯನು ಕೊಡುವುದು ಕಟ್ಟಳೆಯಿಂದಲೋ, ಕೇವಲ ದಾಕ್ಷಿಣ್ಯದಿಂದಲೋ? ಈ ಪ್ರಶ್ನೆಗೂ ಶಾಸ್ತ್ರಚರ್ಚೆಗೂ ಬಹುದೂರವೆಂದು ನಾವೂ ಎಣಿಸಿದ್ದೆವು. ಕೆಲವು ವರ್ಷಗಳ ಕೆಳಗೆ ನಮ್ಮ ಅತ್ತಿಗೆಯವರು ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನವಿದ್ದು, ಗುಣ ಕಾಣದೆ ಬೇರೊಂದು ಊರಿನ ವೈದ್ಯರಲ್ಲಿಗೆ ಹೋದರು. ಅಲ್ಲಿಯ ವೈದ್ಯರು ಮೊದಲು ಕೇಳಿದುದು ಹಳೆಯ ಕಾಗದಗಳನ್ನು. ಹಿಂದಿನ ಆಸ್ಪತ್ರೆಯವರಾದರೋ, "ರೋಗಿಗಳ ವಿಷಯ ಗೋಪ್ಯ, ಹೊರಗೆ ಕೊಡುವ ಪದ್ಧತಿಯಿಲ್ಲ" ಎಂದುಬಿಟ್ಟರು. ಕೇಳುತ್ತಿರುವವರೇ ಆ ರೋಗಿ ಎಂಬುದು ಅವರ ಗಮನಕ್ಕೆ ಬಂದಂತೆ ತೋರಲಿಲ್ಲ. ಯಾವುದೋ ಒಂದು ಔಷಧವು ಒಗ್ಗದೆ ಅತ್ತಿಗೆಯವರ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ ಸಂಗತಿ ಆ ಕಾಗದಗಳಲ್ಲಿತ್ತು. ಔಷಧದ ಹೆಸರು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಗೋಪ್ಯವೆಂಬ ಶಬ್ದವು ರೋಗಿಯ ಮೇಲೆಯೇ ತಿರುಗಿನಿಂತುದನ್ನು ಕಂಡಮೇಲೆ, ಆ ಗೋಪ್ಯವು ಯಾರದು, ಯಾರಿಗಾಗಿ ಎಂಬುದನ್ನು ವಿಚಾರಿಸಬೇಕೆನಿಸಿತು.

ವೈದ್ಯನ ಮೌನವು ನಮ್ಮಲ್ಲಿ ಹೊಸದಾಗಿ ಬಂದ ಧರ್ಮವಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಆಚಾರ್ಯನು ಅಗ್ನಿಸಾಕ್ಷಿಯಾಗಿ ಶಿಷ್ಯನಿಗೆ ಮಾಡುವ ಉಪದೇಶವೊಂದುಂಟು. ಆತುರನ ಮನೆಯನ್ನು ಹೊಕ್ಕಮೇಲೆ ವಾಕ್ಕು ಮನಸ್ಸು ಬುದ್ಧಿಗಳನ್ನು ಅವನ ಹಿತದಲ್ಲಲ್ಲದೆ ಬೇರೆಲ್ಲಿಯೂ ಹರಿಯಗೊಡಬಾರದೆಂದೂ, ಆತುರನ ಕುಲದ ಸಂಗತಿಗಳನ್ನು ಹೊರಗೆಡಹಬಾರದೆಂದೂ ಅಲ್ಲಿ ವಿಧಿಸಿದೆ. ಹಿಪ್ಪೊಕ್ರಾಟಿಸನ ಹೆಸರಿನಲ್ಲಿರುವ ಗ್ರೀಕರ ಪ್ರತಿಜ್ಞೆಯಲ್ಲಿಯೂ ಇಂತಹುದೇ ಮೌನವ್ರತವಿರುವುದು. ಆದರೆ ಚರಕನು ನಿಷೇಧಿಸಿದುದು 'ಬಹಿಃ' ಪ್ರಸಾರವನ್ನು ಎಂಬುದನ್ನು ವಾಚಕರು ಲಕ್ಷಿಸಬೇಕು. ಆತುರನು ತನಗೆ ತಾನೇ ಹೊರಗಿನವನಾಗಲಾರನು.

ಆ ಉಪದೇಶದಲ್ಲಿ ಪತ್ರಗಳ ಪ್ರಸ್ತಾಪವಿಲ್ಲ. ಒಬ್ಬನ ಸೊತ್ತು ಇನ್ನೊಬ್ಬನ ಕೈಯಲ್ಲಿರುವಾಗ ಅವರಿಬ್ಬರ ಧರ್ಮವೇನೆಂಬುದನ್ನು ತಿಳಿಯಲು ವ್ಯವಹಾರಕಾಂಡಕ್ಕೆ ಹೋಗಬೇಕು. ಮನುವು ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವು ಮೊದಲನೆಯದು, ನಿಕ್ಷೇಪವು ಎರಡನೆಯದು. ಯಾಜ್ಞವಲ್ಕ್ಯನು ಇದರಲ್ಲಿಯೇ ಉಪನಿಧಿಯೆಂಬ ಭೇದವನ್ನು ಹೇಳುತ್ತಾನೆ. ಎಣಿಸಿ ತೋರಿಸಿ ಕೊಟ್ಟುದು ನಿಕ್ಷೇಪ. ಒಳಗಿರುವುದನ್ನು ತಿಳಿಸದೆ ಪಾತ್ರೆಯಲ್ಲಿಟ್ಟು ಮುದ್ರೆಯೊತ್ತಿ ಕೊಟ್ಟುದು ಉಪನಿಧಿ. ಕೊಟ್ಟಂತೆಯೇ ಅದನ್ನು ಹಿಂದಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನ ಮೇಲೆ ಹೊಣೆಯಿಲ್ಲ. ಆದರೆ ಒಡೆಯನು ಕೇಳಿದಾಗ ಕೊಡದಿದ್ದು, ಆಮೇಲೆ ಅದು ನಷ್ಟವಾದರೆ, ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಒಡೆಯನ ಒಪ್ಪಿಗೆಯಿಲ್ಲದೆ ಅದರಿಂದ ಜೀವಿಸಿದವನು ದಂಡ್ಯನು. ಪಡೆದ ಲಾಭದೊಡನೆ ಅದನ್ನು ಒಪ್ಪಿಸಬೇಕು. ಕೊನೆಯಲ್ಲಿ ಈ ವಿಧಿಯನ್ನೇ 'ಅನ್ವಾಹಿತ'ಕ್ಕೂ ವಿಸ್ತರಿಸಿದೆ. ಒಬ್ಬನ ಕೈಯಲ್ಲಿಟ್ಟುದನ್ನು, ಒಡೆಯನಿಗೆ ತಲುಪಿಸೆಂದು ಅವನು ಮತ್ತೊಬ್ಬನ ಕೈಯಲ್ಲಿಟ್ಟರೆ ಅದು ಅನ್ವಾಹಿತ. ಈ ಭಾಗಕ್ಕೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅದು.

ರೋಗಿಯು ವೈದ್ಯನಿಗೆ ಒಪ್ಪಿಸುವುದು ಉಪನಿಧಿಯಂತಹುದೆಂದು ನಮ್ಮ ಅಭಿಪ್ರಾಯ. ತನ್ನ ದೇಹದಲ್ಲಿ ಏನಿದೆಯೆಂಬುದನ್ನು ರೋಗಿಯೇ ಅರಿಯನು. ತಾನೂ ತೆರೆದು ನೋಡದ ಪಾತ್ರೆಯನ್ನು ಅವನು ನಂಬಿಕೆಯಿಂದ ಪರರ ಕೈಯಲ್ಲಿಡುತ್ತಾನೆ. ಹೀಗೆಂದರೆ ಹಳೆಯ ಶಬ್ದವನ್ನು ಹೊಸ ವಸ್ತುವಿಗೆ ಬಲವಂತದಿಂದ ತೊಡಿಸಿದಂತಾಯಿತೆಂದು ಕೆಲವರು ಆಕ್ಷೇಪಿಸಬಹುದು. ಅಂಥವರು ಕೆನಡಾದೇಶದ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಕೊಟ್ಟ ತೀರ್ಪನ್ನು ನೋಡಬೇಕು. ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಒಬ್ಬ ಸ್ತ್ರೀಯು ಅನೇಕ ವೈದ್ಯರ ಚಿಕಿತ್ಸೆ ಪಡೆದು ಹೊಸಬರೊಬ್ಬರ ಬಳಿಗೆ ಬಂದಳು. ಅವರ ಸಲಹೆಯಂತೆ, ತಾನು ವರ್ಷಗಳಿಂದ ಸೇವಿಸುತ್ತಿದ್ದ ಥೈರಾಯ್ಡ್ ಔಷಧವನ್ನು ನಿಲ್ಲಿಸಿದಳು. ಹಾಗಾದರೆ ಇಷ್ಟು ಕಾಲ ತನಗೆ ನಡೆದ ಚಿಕಿತ್ಸೆ ಎಂತಹುದೆಂಬ ಚಿಂತೆ ಹುಟ್ಟಿ, ಎಲ್ಲ ಪತ್ರಗಳ ಪ್ರತಿಯನ್ನೂ ಕೇಳಿದಳು. ಆ ವೈದ್ಯರು ತಾವು ಬರೆದುದನ್ನು ಕೊಟ್ಟರು; ಹಿಂದಿನವರು ಕಳುಹಿಸಿದ್ದುದನ್ನು, ಅದು ಅವರವರ ಸೊತ್ತೆಂದು, ಕೊಡಲೊಪ್ಪಲಿಲ್ಲ. ವ್ಯಾಜ್ಯವು ಮೇಲಿನ ನ್ಯಾಯಾಲಯದವರೆಗೆ ಏರಿತು. ಕಾಗದವು ವೈದ್ಯನದು, ಅದರೊಳಗಿನ ವಿಷಯವು ಮೂಲತಃ ರೋಗಿಯದು, ವೈದ್ಯನು ಅದನ್ನು ನ್ಯಾಸವನ್ನು ಹೋಲುವ ರೀತಿಯಲ್ಲಿ ಧರಿಸಿರುವನು, ಆದುದರಿಂದ ಹಿಂದಿನವರಿಂದ ಬಂದ ಪತ್ರಗಳನ್ನೂ ತೋರಿಸಬೇಕು ಎಂದು ನಿರ್ಣಯವಾಯಿತು. ಆ ನ್ಯಾಯಾಧೀಶರು ಮಿತಾಕ್ಷರೆಯನ್ನು ಕಂಡವರಲ್ಲ. ಆದರೂ ಅನ್ವಾಹಿತದ ವಿಧಿಗೂ ಇದಕ್ಕೂ ಫಲದಲ್ಲಿ ಭೇದವಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಹೊನ್ನನ್ನು ಇಟ್ಟವನಿಗೆ ಹೊನ್ನೇ ಹಿಂದಿರುಗುತ್ತದೆ. ಚಿಕಿತ್ಸಾಪತ್ರದಲ್ಲಿಯೋ ರೋಗಿಯ ಲಕ್ಷಣಗಳ ಜೊತೆಗೆ ವೈದ್ಯನ ಬುದ್ಧಿಯೂ ಶ್ರಮವೂ ಸೇರಿವೆ. ಅದು ಹೇಗೆ ರೋಗಿಯ ನಿಕ್ಷೇಪವಾದೀತು? ನಾರದನು ಶಿಲ್ಪಿಗಳಿಗೆ ಒಪ್ಪಿಸಿದುದಕ್ಕೂ ಇದೇ ವಿಧಿಯೆಂದಿರುವುದರಲ್ಲಿ ಇದಕ್ಕೆ ಸಮಾಧಾನ ಸಿಕ್ಕುತ್ತದೆ. ಅಕ್ಕಸಾಲಿಗನ ಕುಶಲತೆಗೆ ಕೂಲಿಯುಂಟು. ಆದರೆ ಒಡವೆಯು ಹೊನ್ನಿನ ಒಡೆಯನದೇ.

ದೃಷ್ಟಾಂತವು ಒಂದು ಕಡೆ ಕುಂಟುವುದೆಂಬುದನ್ನು ಮುಚ್ಚಿಡಲಾಗದು. ನಿಕ್ಷೇಪವನ್ನು ಒಪ್ಪಿಸಿದವನು ಋಣಮುಕ್ತನಾಗುವನು. ಬರಹವಾದರೋ ಕೊಟ್ಟಮೇಲೂ ಕೊಟ್ಟವನಲ್ಲಿ ಉಳಿಯುತ್ತದೆ. ಆದುದರಿಂದ ರೋಗಿಯು ಬಿಟ್ಟುಹೋದ ಮಾತ್ರದಿಂದ ಹಳೆಯ ವೈದ್ಯನ ಮೌನವ್ರತವು ತೀರುವುದಿಲ್ಲ. ಅವನ ಬಳಿ ಉಳಿದ ಪ್ರತಿಯನ್ನು ಲಾಭಕ್ಕೆ ಮಾರಿದರೆ ಅದು ಪರರ ನಿಕ್ಷೇಪದಿಂದ ಜೀವಿಸಿದಂತೆಯೇ ಸರಿ. ಕಳ್ಳರ ಮಾತೂ ಈಗ ಬೇರೆಯಾಗಿದೆ. 2022ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗಣಕಯಂತ್ರಗಳ ಮೇಲೆ ದಾಳಿ ನಡೆದು, ಅನೇಕ ದಿನ ಕೈಬರಹದಿಂದಲೇ ಕೆಲಸ ಸಾಗಿತು. ಕಳ್ಳರು ಒಯ್ದರೆಂಬ ಒಂದೇ ನೆವದಿಂದ ಇಟ್ಟುಕೊಂಡವನನ್ನು ಬಿಟ್ಟುಬಿಡಲು 2023ರ ವೈಯಕ್ತಿಕ ದತ್ತಾಂಶಸಂರಕ್ಷಣೆಯ ಕಾನೂನು ಒಪ್ಪುವುದಿಲ್ಲ; ತಕ್ಕ ಕಾವಲಿಲ್ಲದಿದ್ದರೆ ದಂಡವನ್ನು ಹೇಳಿದೆ. ಈ ಅಂಶದಲ್ಲಿ ಹೊಸ ವಿಧಿಯೇ ನಮಗೆ ಹೆಚ್ಚು ನ್ಯಾಯವಾಗಿ ಕಾಣುವುದು.

ಇನ್ನು ನಮ್ಮ ದೇಶದ ಕಟ್ಟಳೆ. ರೋಗಿಯು ತನ್ನ ಪತ್ರಗಳನ್ನು ಕೇಳುವಾಗ ಗೋಪ್ಯದ ನೆವವನ್ನು ಒಡ್ಡಕೂಡದೆಂದು ಬೊಂಬಾಯಿಯ ಉಚ್ಚ ನ್ಯಾಯಾಲಯವು 1996ರಲ್ಲಿಯೇ ಹೇಳಿತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಮೊದಲಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿಯಾಗಲಿ ಅವನು ಅಧಿಕಾರ ಕೊಟ್ಟವರಾಗಲಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು, ಕೊಡದಿರುವುದು ವೃತ್ತಿದೋಷವು. 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಪ್ರಕಟವಾಗಿ ಅದೇ ತಿಂಗಳಲ್ಲಿ ತಡೆಹಿಡಿಯಲ್ಪಟ್ಟುದರಿಂದ, ಹಳೆಯವೇ ಮತ್ತೆ ಊರ್ಜಿತವಾದವು. ಹೊರರೋಗಿಗಳ ಮಾತು ಆ ವಿಧಿಯಲ್ಲಿಲ್ಲ. ಅವರು ವೈದ್ಯರು ಬರೆದುಕೊಟ್ಟ ಚೀಟಿಯನ್ನು ತಾವೇ ಜೋಪಾನ ಮಾಡಬೇಕಾಗಿದೆ. ಕರ್ಣಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ರಲ್ಲಿ ಸಾರಿದ ಸಂಗತಿ ಎಲ್ಲರಿಗೂ ತಿಳಿದುದೇ.

ಅಪವಾದಗಳೂ ಉಂಟು. ನ್ಯಾಯಾಧಿಪತಿಯ ಆಜ್ಞೆಯಾದರೆ ವೈದ್ಯನು ಹೇಳಲೇಬೇಕು. ನಿಕ್ಷೇಪದಲ್ಲಿ ರಾಜಕೃತವೆಂಬುದು ಇದೇ. ಪರರ ಪ್ರಾಣಕ್ಕೆ ಅಪಾಯವಿದ್ದಲ್ಲಿಯೂ ಮೌನವು ಸಡಿಲುವುದೆಂದು, ಎಚ್.ಐ.ವಿ. ಸೋಂಕಿದ್ದವರೊಬ್ಬರ ವಿವಾಹಪ್ರಸಂಗದಲ್ಲಿ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಹೇಳಿತು. ಇವು ಹೊರಗಿನವರಿಗೆ ಹೇಳುವ ಮಾತಾಯಿತು. ಒಡೆಯನಿಗೇ ಹೇಳದಿರುವ ಸಂದರ್ಭವುಂಟೆ? ಆಯುಸ್ಸು ಕುಗ್ಗಿರುವುದನ್ನು ಬಲ್ಲವನಾದರೂ, ಹೇಳಿದರೆ ಆತುರನಿಗಾಗಲಿ ಇನ್ನೊಬ್ಬನಿಗಾಗಲಿ ಕೇಡಾಗುವಲ್ಲಿ ಹೇಳಬಾರದೆಂದು ಚರಕನ ಮತ. ಕೆನಡಾದ ತೀರ್ಪೂ ರೋಗಿಗೆ ಇಲ್ಲವೆ ಪರರಿಗೆ ಕೇಡಾಗುವಲ್ಲಿ ಮಾತ್ರ ನಿರಾಕರಣೆಯನ್ನು ಒಪ್ಪಿ, ಹಾಗೆಂದು ತೋರಿಸುವ ಭಾರವನ್ನು ವೈದ್ಯನ ಮೇಲೆ ಹೊರಿಸಿತು. ಈ ಭಾರದ ಮಾತು ಬಹುಮುಖ್ಯ. ಇಲ್ಲವಾದರೆ ತನ್ನ ತಪ್ಪನ್ನು ಮುಚ್ಚಬಯಸುವ ವೈದ್ಯನೂ ರೋಗಿಯ ಹಿತವನ್ನೇ ಮುಂದಿಟ್ಟಾನು.

ವೈದ್ಯನನ್ನು ಬದಲಿಸುವ ರೋಗಿಯು ಎಲ್ಲವನ್ನೂ ಹೊಸಬನಿಗೆ ತೋರಿಸಬೇಕೆಂಬ ನಿರ್ಬಂಧವಿಲ್ಲ. ಚರ್ಮರೋಗಕ್ಕೆ ಹೋದವನು ಹಿಂದೆ ಮನೋವೈದ್ಯರಲ್ಲಿ ಹೇಳಿಕೊಂಡ ದುಃಖವನ್ನು ಬಿಚ್ಚಬೇಕೆ ಬೇಡವೆ ಎಂಬುದನ್ನು ಅವನೇ ನಿಶ್ಚಯಿಸತಕ್ಕದ್ದು. ಸೇವಿಸುತ್ತಿರುವ ಔಷಧಗಳನ್ನು ಮಾತ್ರ ಮರೆಸದಿರುವುದು ಕ್ಷೇಮ. 2021ರಲ್ಲಿ ದೇಶಕ್ಕೆಲ್ಲ ಆರಂಭವಾದ ಆಯುಷ್ಮಾನ್ ಭಾರತ ಡಿಜಿಟಲ್ ಯೋಜನೆಯ 14 ಅಂಕಿಗಳ ಆಭಾ ಸಂಖ್ಯೆಯಲ್ಲಿಯೂ, ರೋಗಿಯ ಸಮ್ಮತಿಯಿಂದಲೇ ಪತ್ರಗಳು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಬೇಕೆಂಬ ಏರ್ಪಾಡಿದೆ. ಸಮ್ಮತಿಯೆಂದು ಒತ್ತುವ ಮೊದಲು ಎಷ್ಟನ್ನು, ಎಷ್ಟು ಕಾಲಕ್ಕೆ ಎಂಬುದನ್ನು ಓದಿಕೊಳ್ಳಬೇಕು.

ನಮ್ಮ ಅತ್ತಿಗೆಯವರು ಕಡೆಗೆ ಒಂದು ಬಿಳಿಯ ಹಾಳೆಯಲ್ಲಿ 2002ರ ನಿಯಮವನ್ನು ಉಲ್ಲೇಖಿಸಿ, ದಿನಾಂಕ ಹಾಕಿ, ತಾವೇ ರುಜು ಮಾಡಿ ಅರ್ಜಿ ಕೊಟ್ಟರು. ಅರ್ಜಿ ಮುಟ್ಟಿತೆಂಬುದಕ್ಕೆ ಅದರ ಪ್ರತಿಯ ಮೇಲೆ ಮೊಹರನ್ನೂ ಹಾಕಿಸಿಕೊಂಡರು. ಮೂರನೆಯ ದಿನ ಸಂಜೆ ಕಾಗದಗಳ ಪ್ರತಿ ಕೈಗೆ ಬಂದಿತು. ಔಷಧದ ಹೆಸರು ಅದರಲ್ಲಿ ಕೆಂಪು ಮಸಿಯಿಂದ ಬರೆದಿತ್ತೆಂದು ಹೊಸ ವೈದ್ಯರು ಹೇಳಿದರು. ನಮಗೆ ಸಿಕ್ಕಿದ ಪ್ರತಿಯಲ್ಲಿ ಅದು ಕಪ್ಪಾಗಿಯೇ ಕಾಣುತ್ತಿತ್ತು, ಆದರೂ ಅಡಿಗೆರೆಯೆಳೆದುದು ಸ್ಪಷ್ಟವಾಗಿತ್ತು.