ಸ್ವಂತ ವಾಹನದ ಸರಕು ಸಾಗಣೆಗಾರನ ಜಮೆ, ವೆಚ್ಚ ಮತ್ತು ತೆರಿಗೆ: ದೇವನೂರಿನ ಸನ್ನಿವೇಶದಲ್ಲಿ ಒಂದು ವಿವೇಚನೆ

1. ಪೀಠಿಕೆ

ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರು ಕಡೂರು ತಾಲ್ಲೂಕಿನ ಒಂದು ಗ್ರಾಮ. ಈ ಸೀಮೆಗೆ ಸಾಗಣೆಯ ಕಸಬು ಹೊಸದಲ್ಲ. ಸೈನ್ಯದ ಸಾಮಾನನ್ನು ಎಳೆಯುವುದಕ್ಕಾಗಿ ಮೈಸೂರಿನ ಆಳರಸರು ಪೋಷಿಸಿದ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿ ಇಂದಿಗೂ ಇದೆ. ಸಾಗಣೆಯಷ್ಟೇ ಹಳೆಯದು ಅದರ ಮೇಲಿನ ತೆರಿಗೆ. ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಹೆಜ್ಜುಂಕವೆಂಬ ಮಾತು ಇದಕ್ಕೆ ಸಾಕ್ಷಿ. ಆ ಸುಂಕ ಬೀಳುತ್ತಿದ್ದುದು ಸಾಗುವ ಸರಕಿನ ಮೇಲೆ. ಸಾಗಿಸಿದವನಿಗೆ ಕೊನೆಗೆ ಉಳಿದದ್ದೆಷ್ಟು ಎಂಬುದು ಸುಂಕದ ಕಟ್ಟೆಯ ಪ್ರಶ್ನೆಯಾಗಿರಲಿಲ್ಲ. ಇಂದಿನ ಆದಾಯ ತೆರಿಗೆಯಾದರೋ ಉಳಿದದ್ದೆಷ್ಟು ಎಂಬುದನ್ನೇ ಕೇಳುತ್ತದೆ. ಪ್ರಶ್ನೆ ಬದಲಾಗಿರುವುದರಿಂದ ಉತ್ತರ ಕೊಡುವವನ ಸಿದ್ಧತೆಯೂ ಬದಲಾಗಬೇಕು.

ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವವರು ಇಬ್ಬರು: ಸಣ್ಣ ಟೆಂಪೋ ಇಟ್ಟುಕೊಂಡು ತೆಂಗಿನಕಾಯಿ, ಗೊಬ್ಬರ, ಸಿಮೆಂಟು ಮುಂತಾದುವನ್ನು ಬಾಡಿಗೆಗೆ ಸಾಗಿಸುವವನು ಒಬ್ಬ, ಮೋಟಾರು ಸೈಕಲ್ಲಿನಲ್ಲಿ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುವವನು ಮತ್ತೊಬ್ಬ. ಇಬ್ಬರೂ ಯಾರ ಸಂಬಳಗಾರರೂ ಅಲ್ಲ. ಕಾನೂನಿನ ದೃಷ್ಟಿಯಲ್ಲಿ ಇಬ್ಬರೂ ವ್ಯಾಪಾರಸ್ಥರು. ಇವರಲ್ಲಿ ಬಹುಮಂದಿ ತೆರಿಗೆಯನ್ನೇ ಕೊಡಬೇಕಾಗಿಲ್ಲ. ಆದರೂ ಲೆಕ್ಕವನ್ನಿಡದೆ, ವಿವರಪತ್ರವನ್ನು ಸಲ್ಲಿಸದೆ ಇರುವುದರಿಂದ ನಷ್ಟಕ್ಕೆ ಗುರಿಯಾಗುವರು ಎಂಬುದು ಇಲ್ಲಿ ನಾವು ತೋರಿಸಬೇಕಾಗಿರುವ ಅಂಶ.

2. ಜಮೆ ಬೇರೆ, ಆದಾಯ ಬೇರೆ

ಕೈಗೆ ಬಂದ ಬಾಡಿಗೆಯೆಲ್ಲವೂ ಆದಾಯವಲ್ಲ. ಬಾಡಿಗೆಯನ್ನು ಗಳಿಸುವುದಕ್ಕಾಗಿಯೇ ಮಾಡಿದ ವೆಚ್ಚವನ್ನು ಕಳೆದ ಮೇಲೆ ಉಳಿಯುವುದು ಆದಾಯ. ಇಂಧನ, ಚಕ್ರದ ಟೈರು, ದುರಸ್ತಿ, ವಿಮೆ, ರಹದಾರಿ ಮತ್ತು ಅರ್ಹತಾಪತ್ರದ ಶುಲ್ಕ, ವಾಹನ ತೆರಿಗೆ, ರಸ್ತೆಯ ಸುಂಕ, ಕೂಲಿ, ಕಸಬಿಗೆ ಬಳಸಿದಷ್ಟರ ಮಟ್ಟಿಗೆ ದೂರವಾಣಿಯ ವೆಚ್ಚ, ವಾಹನದ ಸಾಲದ ಬಡ್ಡಿ: ಇವೆಲ್ಲ ಕಳೆಯತಕ್ಕ ವೆಚ್ಚಗಳು. ಸಾಲದ ಅಸಲು ಈ ವರ್ಗಕ್ಕೆ ಸೇರದು. ಚಾಲಕನು ತನ್ನ ಊಟಕ್ಕೂ ಮನೆಗೂ ಮಾಡಿದ ಖರ್ಚು ಸೇರದು. ಸಂಚಾರ ನಿಯಮವನ್ನು ಮುರಿದುದಕ್ಕಾಗಿ ತೆತ್ತ ದಂಡವೂ ಸೇರದು. ಅದೇ ವಾಹನದಲ್ಲಿ ತನ್ನ ತೋಟದ ಕಾಯಿಯನ್ನು ಹೇರಿದರೆ, ಮನೆಯವರನ್ನು ಜಾತ್ರೆಗೆ ಕರೆದೊಯ್ದರೆ, ಆ ಓಡಾಟದ ಪಾಲನ್ನು ಬಾಡಿಗೆಯ ವೆಚ್ಚದಿಂದ ಬೇರ್ಪಡಿಸಬೇಕು.

ಇನ್ನು ಸವಕಳಿಯ ವಿಷಯ. ವಾಹನವನ್ನು ಕೊಂಡ ವರ್ಷವೇ ಅದರ ಬೆಲೆಯನ್ನೆಲ್ಲ ವೆಚ್ಚವೆಂದು ಬರೆಯುವಂತಿಲ್ಲ. ವರ್ಷ ವರ್ಷವೂ ಇಳಿದ ಬೆಲೆಯ ಒಂದು ಭಾಗವನ್ನು ಕಳೆಯಬೇಕು. 1962ರ ಆದಾಯ ತೆರಿಗೆ ನಿಯಮಗಳು ಬಾಡಿಗೆಗೆ ಓಡುವ ಲಾರಿ ಮೊದಲಾದ ವಾಹನಗಳಿಗೆ ಶೇಕಡ 30ರಂತೆಯೂ, ಮೋಟಾರು ಸೈಕಲ್ ಮುಂತಾದುವಕ್ಕೆ ಶೇಕಡ 15ರಂತೆಯೂ ದರವನ್ನು ಗೊತ್ತುಪಡಿಸಿದುವು. ವರ್ಷದಲ್ಲಿ 180 ದಿನಗಳಿಗಿಂತ ಕಡಮೆ ಕಾಲ ಬಳಸಿದ ಹೊಸ ವಾಹನಕ್ಕೆ ಆ ವರ್ಷ ಅರ್ಧ ದರ ಮಾತ್ರ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಟೆಂಪೋ ಒಂದರ ವರ್ಷದ ಬಾಡಿಗೆ 6,00,000 ರೂಪಾಯಿ. ಇಂಧನ 2,60,000, ಟೈರು, ದುರಸ್ತಿ 60,000, ವಿಮೆ, ಶುಲ್ಕ 45,000, ಸಾಲದ ಬಡ್ಡಿ 35,000, ಒಟ್ಟು 4,00,000. ಉಳಿದ 2,00,000ದಲ್ಲಿ ಸಾಲದ ಅಸಲಿಗೆ 1,00,000 ಹೋದರೆ ಮನೆಗೆ ಮುಟ್ಟುವುದು 1,00,000. ವಾಹನವನ್ನು 5,00,000ಕ್ಕೆ ಕೊಂಡು ಇದು ಎರಡನೆಯ ವರ್ಷವಾಗಿದ್ದರೆ ಇಳಿದ ಬೆಲೆ 3,50,000, ಅದರ ಸವಕಳಿ 1,05,000. ಹೀಗಾಗಿ ತೆರಿಗೆಯ ಲೆಕ್ಕದ ಆದಾಯ 95,000. ಆರು ಲಕ್ಷ, ಎರಡು ಲಕ್ಷ, ಒಂದು ಲಕ್ಷ, ತೊಂಬತ್ತೈದು ಸಾವಿರ: ಒಂದೇ ವಾಹನದ ಒಂದೇ ವರ್ಷಕ್ಕೆ ನಾಲ್ಕು ಅಂಕಿಗಳು! ಯಾವ ಅಂಕಿಯನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಕೊಡಬೇಕೆಂಬುದನ್ನು ತಿಳಿಯದೆ ಹೋದರೆ ತೊಡಕು ಅಲ್ಲಿಯೇ ಹುಟ್ಟುವುದು.

3. ಅಂದಾಜು ಆದಾಯದ ಎರಡು ಕ್ರಮಗಳು

ಸಣ್ಣ ಕಸಬುದಾರನಿಗೆ ಇಷ್ಟು ಲೆಕ್ಕವೂ ಭಾರವಾಗುವುದೆಂದು ಬಗೆದು ಕಾನೂನು ಸುಲಭವಾದ ದಾರಿಯೊಂದನ್ನು ಕಲ್ಪಿಸಿದೆ. 1961ರ ಆದಾಯ ತೆರಿಗೆ ಅಧಿನಿಯಮದಲ್ಲಿ ಇದು 44ಎಡಿ ಮತ್ತು 44ಎಇ ಎಂಬ ಎರಡು ಪ್ರಕರಣಗಳಲ್ಲಿ ಹಂಚಿಹೋಗಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಅಧಿನಿಯಮದಲ್ಲಿ ಎರಡನ್ನೂ 58ನೆಯ ಪ್ರಕರಣದಲ್ಲಿ ಒಟ್ಟುಗೂಡಿಸಲಾಗಿದೆ.

ಮೊದಲನೆಯ ಕ್ರಮ ಸರಕು ವಾಹನಗಳಿಗೆ ಸಂಬಂಧಿಸಿದ್ದು. ವರ್ಷದ ಯಾವ ಕಾಲದಲ್ಲಿಯೂ ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳನ್ನು ಹೊಂದಿರದವನಿಗೆ ಇದು ಅನ್ವಯಿಸುವುದು. 12 ಟನ್ನಿಗೆ ಮೀರದ ಒಟ್ಟು ತೂಕದ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಎಣಿಸಲಾಗುವುದು. ಅದಕ್ಕಿಂತ ಭಾರವಾದುದಕ್ಕೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ. ನಮ್ಮ ಉದಾಹರಣೆಯ ಟೆಂಪೋವಿಗೆ ವರ್ಷಕ್ಕೆ 90,000 ಆಗುವುದು. 16 ಟನ್ನಿನ ಲಾರಿಗೆ 1,92,000. ಇಲ್ಲಿ ಎರಡು ಅಂಶಗಳನ್ನು ವಾಚಕರು ಗಮನಿಸಬೇಕು. ಲೆಕ್ಕ ನಡೆಯುವುದು ವಾಹನ ಓಡಿದ ತಿಂಗಳುಗಳಿಂದಲ್ಲ, ಅದು ಒಡೆತನದಲ್ಲಿದ್ದ ತಿಂಗಳುಗಳಿಂದ. ತಿಂಗಳಿನ ಒಂದು ಭಾಗವೂ ಪೂರ್ಣ ತಿಂಗಳೆನಿಸುವುದು. ಮಳೆಗಾಲದಲ್ಲಿ ವಾಹನ ನಿಂತಿದ್ದರೂ ಎಣಿಕೆ ನಿಲ್ಲದು. ಕಂತಿನ ಮೇಲೆ ಕೊಂಡು ಸಾಲ ತೀರದಿದ್ದರೂ ವಾಹನ ಯಾರ ವಶದಲ್ಲಿದೆಯೋ ಅವನೇ ಒಡೆಯ. ಉಳಿದದ್ದನ್ನು ಕೇಳದೆ ಗಾಡಿಯನ್ನು ಎಣಿಸುವ ಹಳೆಯ ಸುಂಕದ ಛಾಯೆ ಈ ಕ್ರಮದಲ್ಲಿ ಸ್ವಲ್ಪಮಟ್ಟಿಗೆ ಉಳಿದಿದೆ ಎನ್ನಬಹುದು. ತನಗೆ ಇಷ್ಟೂ ಉಳಿಯಲಿಲ್ಲವೆಂದು ಹೇಳುವವನು ಲೆಕ್ಕದ ಪುಸ್ತಕಗಳನ್ನಿಟ್ಟು ಪರಿಶೋಧನೆ ಮಾಡಿಸಬೇಕು.

ಮೋಟಾರು ಸೈಕಲ್ಲು ಸರಕಿಗಾಗಿಯೇ ನಿರ್ಮಿತವಾದ ವಾಹನವಲ್ಲ. ಆದಕಾರಣ ಪೊಟ್ಟಣ ಮುಟ್ಟಿಸುವವನಿಗೆ ಎರಡನೆಯ ಕ್ರಮವೇ ಗತಿ. ಬ್ಯಾಂಕಿನ ಮೂಲಕ ಬಂದ ಜಮೆಯಲ್ಲಿ ಶೇಕಡ 6, ನಗದಾಗಿ ಬಂದುದರಲ್ಲಿ ಶೇಕಡ 8 ಆದಾಯವೆಂದು ಇಲ್ಲಿ ಎಣಿಕೆ. ಈ ಕ್ರಮವನ್ನು ಒಮ್ಮೆ ಹಿಡಿದು ಐದು ವರ್ಷಗಳೊಳಗೆ ಬಿಟ್ಟವನಿಗೆ ಮುಂದಿನ ಐದು ವರ್ಷ ಇದರ ಅನುಕೂಲ ದೊರೆಯದು.

4. ಕನಿಷ್ಠವನ್ನೇ ನಿಜವೆಂದು ತಿಳಿಯುವ ದೋಷ

ಈ ಎರಡು ಕ್ರಮಗಳ ಬಗೆಗೂ ಪ್ರಚಾರದಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಪರಿಹರಿಸಬೇಕಾಗಿದೆ. ಕಾನೂನು ಹೇಳಿರುವ ಅಂಕಿ ಕನಿಷ್ಠದ ಅಂಕಿ. ಅದಕ್ಕಿಂತ ಹೆಚ್ಚು ಗಳಿಸಿದವನು ಆ ಹೆಚ್ಚಿನ ಮೊತ್ತವನ್ನೇ ಘೋಷಿಸಬೇಕೆಂಬ ಅರ್ಥ ಅದರ ವಾಕ್ಯರಚನೆಯಲ್ಲಿಯೇ ಅಡಗಿದೆ.

ಪೊಟ್ಟಣ ಮುಟ್ಟಿಸುವವನ ವರ್ಷದ ಜಮೆ 3,60,000 ಎಂದಿಟ್ಟುಕೊಳ್ಳೋಣ. ಎಲ್ಲವೂ ಬ್ಯಾಂಕಿಗೇ ಬಂದಿದೆ. ಶೇಕಡ 6ರಂತೆ ಆದಾಯ 21,600. ಆದರೆ ಅವನ ಪೆಟ್ರೋಲು, ದುರಸ್ತಿ, ವಿಮೆ, ದೂರವಾಣಿಗಳಿಗೆ 1,24,000ವೂ, 90,000 ರೂಪಾಯಿಯ ವಾಹನದ ಸವಕಳಿಗೆ 13,500ವೂ ಹೋದರೆ ನಿಜವಾದ ಆದಾಯ 2,22,500. ವಿವರಪತ್ರದಲ್ಲಿ 21,600 ಎಂದು ಬರೆದರೆ ಅವನಿಗೆ ಉಳಿಯುವ ತೆರಿಗೆ ಎಷ್ಟು? ಏನೂ ಇಲ್ಲ. 2025–26ನೆಯ ಸಾಲಿಗೆ ರೂಢಿಯ ಹೊಸ ಪದ್ಧತಿಯಲ್ಲಿ 4,00,000ದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. 12,00,000ದವರೆಗಿನ ಆದಾಯಕ್ಕೆ ಬೀಳುವ ತೆರಿಗೆಯೂ ವಿನಾಯಿತಿಯಿಂದ ಶೂನ್ಯವಾಗುವುದು. ಹೀಗಿರುವಾಗ ಆದಾಯವನ್ನು ಕುಗ್ಗಿಸಿ ಬರೆಯುವುದರಿಂದ ಲಾಭವಿಲ್ಲ, ನಷ್ಟವಾದರೋ ಬಹಳ.

ಆ ನಷ್ಟ ಎರಡು ಕಡೆಗಳಲ್ಲಿ ಕಾಣುವುದು. ಹೊಸ ವಾಹನಕ್ಕೆ ಸಾಲ ಕೇಳಿದಾಗ ಬ್ಯಾಂಕು ನೋಡುವುದು ವಿವರಪತ್ರದ ಅಂಕಿಯನ್ನು. 21,600 ರೂಪಾಯಿಯ ಆದಾಯಕ್ಕೆ ಯಾವ ಕಂತು ಹೊಂದೀತು? ಎರಡನೆಯದು ಇನ್ನೂ ಗಂಭೀರವಾದುದು. ರಸ್ತೆಯನ್ನೇ ನಂಬಿದ ಕಸಬು ಇದು. ಅಪಘಾತದಲ್ಲಿ ಚಾಲಕನು ಮೃತನಾದರೆ ಅವನ ಅವಲಂಬಿತರಿಗೆ ಸಲ್ಲುವ ಪರಿಹಾರವನ್ನು ನ್ಯಾಯಮಂಡಳಿಯು ಅವನ ವಾರ್ಷಿಕ ಆದಾಯದಿಂದ ಗುಣಿಸಿ ನಿರ್ಧರಿಸುತ್ತದೆ. ಸರಳಾ ವರ್ಮಾ ಮೊಕದ್ದಮೆಯಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗೊತ್ತುಪಡಿಸಿದ ಪಟ್ಟಿಯಂತೆ 31ರಿಂದ 35 ವರ್ಷದವನಿಗೆ ಗುಣಕ 16. ಕಳೆಯಬೇಕಾದುದನ್ನು ಕಳೆದು ಕೂಡಬೇಕಾದುದನ್ನು ಕೂಡುವ ಮೊದಲು, 2,22,500ರಿಂದ ಬರುವ ಗುಣಲಬ್ಧ 35,60,000. 21,600ರಿಂದ ಬರುವುದು 3,45,600. ನ್ಯಾಯಮಂಡಳಿ ಬೇರೆ ಸಾಕ್ಷ್ಯವನ್ನು ನೋಡಬಹುದು, ನಿಜ. ಆದರೆ ಸ್ವತಃ ಸಹಿ ಮಾಡಿದ ವಿವರಪತ್ರವು ಅವನ ಕುಟುಂಬದ ವಿರುದ್ಧವೇ ಮೊದಲ ಸಾಕ್ಷಿಯಾಗಿ ನಿಲ್ಲುವುದೆಂಬುದನ್ನು ಮರೆಯಲಾಗದು. ವಿವರಪತ್ರವೇ ಇಲ್ಲದವನ ಆದಾಯವನ್ನು ಊಹೆಯಿಂದ ಗೊತ್ತುಮಾಡಬೇಕಾಗುವುದು.

5. ಮೂಲದಲ್ಲಿಯೇ ಕಡಿತವಾದ ತೆರಿಗೆ

ಗುತ್ತಿಗೆಯ ಕೆಲಸಕ್ಕಾಗಿ ಸಂಸ್ಥೆಯೊಂದು ವ್ಯಕ್ತಿಗೆ ಹಣ ಕೊಡುವಾಗ, ಒಂದು ಸಲದ ಮೊತ್ತ 30,000ವನ್ನೋ ವರ್ಷದ ಮೊತ್ತ 1,00,000ವನ್ನೋ ಮೀರಿದರೆ, ಶೇಕಡ 1ನ್ನು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುತ್ತದೆ. 3,60,000ಕ್ಕೆ ಇದು 3,600. ತೆರಿಗೆಯ ಹೊಣೆಯೇ ಇಲ್ಲದವನಿಗೆ ಇದು ಹಿಂದಿರುಗಿ ಬರಬೇಕಾದ ಹಣ. ಆದರೆ ವಿವರಪತ್ರವನ್ನು ಸಲ್ಲಿಸದವನಿಗೆ ಅದು ಹಿಂದಿರುಗದು. ಪ್ಯಾನ್ ಸಂಖ್ಯೆಯನ್ನು ಕೊಡದವನಿಗೆ ಕಡಿತವು ಶೇಕಡ 20ಕ್ಕೇರುವುದು. ಹತ್ತು ಸರಕು ವಾಹನಗಳಿಗೆ ಮೀರದ ಟೆಂಪೋ ಮಾಲೀಕನು ಪ್ಯಾನ್ ಸಂಖ್ಯೆಯೊಡನೆ ಆ ಬಗೆಯ ಘೋಷಣೆಯೊಂದನ್ನು ಬರೆದುಕೊಟ್ಟರೆ ಕಡಿತವೇ ಆಗದು. ಒಂದು ಹಾಳೆಯ ಈ ಘೋಷಣೆಯನ್ನು ಬರೆದುಕೊಡದೆ ಹಣವನ್ನು ಕಳೆದುಕೊಳ್ಳಬೇಕಾದ ಕಾರಣವಿಲ್ಲ.

6. ಪರರ ಹಣ ತನ್ನ ಖಾತೆಯಲ್ಲಿ

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಬಂದ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ ರಾಜ್ಯದಲ್ಲೆಲ್ಲ ಕಳವಳವುಂಟಾಯಿತು. ಸಾಗಣೆಗಾರನು ಇದರಿಂದ ಕಲಿಯಬೇಕಾದ ಪಾಠವೊಂದಿದೆ. ನೆರೆಯವರ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ದವನು ಅದರ ಬೆಲೆಯನ್ನು ತನ್ನ ಖಾತೆಗೇ ಪಡೆದು ಆಮೇಲೆ ಹಂಚಿದರೆ, ಪೊಟ್ಟಣ ಮುಟ್ಟಿಸುವವನು ಗಿರಾಕಿಯ ಹಣವನ್ನು ತನ್ನ ಖಾತೆಗೆ ಹಾಕಿಸಿಕೊಂಡು ಸಂಸ್ಥೆಗೆ ಕಟ್ಟಿದರೆ, ಅದು ಅವನ ಜಮೆಯಲ್ಲ. ಆದರೆ ಬ್ಯಾಂಕಿನ ಪುಸ್ತಕಕ್ಕೆ ಆ ಭೇದ ತಿಳಿಯದು. ಕಸಬಿಗೆ ಒಂದು ಪ್ರತ್ಯೇಕ ಖಾತೆಯಿರಬೇಕು. ಪರರ ಹಣ ಬಂದ ದಿನವೇ ಅದು ಯಾರದೆಂದು ಬರೆದಿಡಬೇಕು.

ಸರಕು ಮತ್ತು ಸೇವಾ ತೆರಿಗೆಯ ಭಯ ಮಾತ್ರ ಬಹುಮಟ್ಟಿಗೆ ನಿರಾಧಾರವಾದುದು. ಸರಕಿನ ರವಾನೆ ಪತ್ರವನ್ನು ಕೊಡುವ ಸಾಗಣೆ ಏಜೆನ್ಸಿಯನ್ನೂ ಕೊರಿಯರ್ ಸಂಸ್ಥೆಯನ್ನೂ ಬಿಟ್ಟರೆ, ರಸ್ತೆಯಲ್ಲಿ ಸರಕು ಸಾಗಿಸುವ ಸೇವೆಗೆ ಈ ತೆರಿಗೆಯಿಂದ ವಿನಾಯಿತಿ ಇದೆ. ಇತರ ಸೇವೆಗಳಿಗೂ ವರ್ಷಕ್ಕೆ 20,00,000ದ ವಹಿವಾಟು ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಾಗಿಲ್ಲ. ಆನ್‌ಲೈನ್ ವೇದಿಕೆಗಳ ಮೂಲಕ ನಡೆಯುವ ಸ್ಥಳೀಯ ವಿತರಣೆಯಲ್ಲಿ, ನೋಂದಣಿಯಿಲ್ಲದ ಚಾಲಕನ ಸೇವೆಯ ಮೇಲಿನ ತೆರಿಗೆಯ ಹೊಣೆಯನ್ನು 2025ರ ಸೆಪ್ಟೆಂಬರ್ 22ರಿಂದ ವೇದಿಕೆಯ ಮೇಲೆಯೇ ಹೊರಿಸಲಾಗಿದೆ. ಇದರಂತೆಯೇ, ವೇದಿಕೆಗಳ ಕೆಲಸಗಾರರಿಗಾಗಿ ಕರ್ನಾಟಕವು 2025ರಲ್ಲಿ ರಚಿಸಿದ ಸಾಮಾಜಿಕ ಭದ್ರತೆಯ ಅಧಿನಿಯಮದಂತೆ, ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಶೇಕಡ 1ರಿಂದ 5ರವರೆಗಿನ ಕ್ಷೇಮಶುಲ್ಕವನ್ನು ಕೊಡಬೇಕಾದವನು ಕೆಲಸಗಾರನಲ್ಲ, ವೇದಿಕೆ.

7. ಉಪಸಂಹಾರ

ಮೇಲಣ ವಿವೇಚನೆಯಿಂದ ವಿದಿತವಾಗುವುದೇನೆಂದರೆ, ಅಂದಾಜು ಆದಾಯದ ಕ್ರಮವು ಪುಸ್ತಕ ಇಡುವ ಕಟ್ಟುಪಾಡಿನಿಂದ ಸಾಗಣೆಗಾರನನ್ನು ಬಿಡಿಸಿದೆಯೇ ಹೊರತು ಪುಸ್ತಕದ ಅಗತ್ಯದಿಂದ ಬಿಡಿಸಿಲ್ಲ. ದಿನದ ಬಾಡಿಗೆ, ಓಡಿದ ದೂರ, ಹಾಕಿಸಿದ ಇಂಧನ, ಕೊಟ್ಟ ಹಣ, ಪರರ ಹಣ: ಈ ಐದು ಅಂಕಣಗಳುಳ್ಳ ಒಂದು ಸಾಧಾರಣ ಪುಸ್ತಕವೂ, ರಸೀದಿಗಳನ್ನಿಡುವ ಒಂದು ಚೀಲವೂ ಇದ್ದರೆ ಸಾಕು. ವರ್ಷದ ಆದಾಯ 4,00,000ವನ್ನು ಮೀರಿದವನು, ತೆರಿಗೆ ಶೂನ್ಯವಾದರೂ, ವಿವರಪತ್ರ ಸಲ್ಲಿಸಲೇಬೇಕು. ಮೀರದವನೂ ಸಲ್ಲಿಸುವುದು ಲೇಸೆಂಬುದಕ್ಕೆ ಕಾರಣಗಳನ್ನು ಮೇಲೆ ಕೊಟ್ಟಿದ್ದೇವೆ. ಸಂಬಳಗಾರನಿಗೆ ಅವನ ದುಡಿಮೆಯ ಪ್ರಮಾಣಪತ್ರವನ್ನು ಧಣಿಯು ಬರೆದುಕೊಡುತ್ತಾನೆ. ತನಗೆ ತಾನೇ ಧಣಿಯಾದ ಸಾಗಣೆಗಾರನಿಗೆ ಅದನ್ನು ಬರೆದುಕೊಡುವವರು ಬೇರಾರೂ ಇಲ್ಲ. ಅವನೇ ಬರೆದುಕೊಳ್ಳಬೇಕು, ಅದೂ ಸತ್ಯವಾಗಿ ಬರೆದುಕೊಳ್ಳಬೇಕು.