ಸೂರ್ಯಕಾಂತಿಯೂ ಕಾಂಗ್ರೆಸ್ ಗಿಡವೂ ದಾಯಾದಿಗಳು!



ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ, ಹುಚ್ಚೆಳ್ಳು, ಕುಸುಬೆ, ಜೊತೆಗೆ ರಸ್ತೆ ಬದಿಯ ಕಾಂಗ್ರೆಸ್ ಗಿಡ (ಪಾರ್ಥೇನಿಯಂ). ಇವೆಲ್ಲ ಒಂದೇ ಕುಟುಂಬದವು ಅಂದರೆ ನಂಬ್ತೀರಾ? ಈ ಕುಟುಂಬದ ಹೆಸರು ಆಸ್ಟರೇಸಿ. ಪ್ರಪಂಚದಲ್ಲಿ ಇದರ 25,000ಕ್ಕೂ ಹೆಚ್ಚು ಪ್ರಭೇದಗಳಿವೆ.

ಗುರುತು ಹಿಡಿಯೋದು ಸುಲಭ. ನಾವು ಒಂದು ಸೂರ್ಯಕಾಂತಿ ಹೂ ಅನ್ನುವುದು ನೂರಾರು ಪುಟ್ಟ ಹೂಗಳ ಗುಂಪು. ಅಂಚಿನಲ್ಲಿ ಎಸಳಿನ ಹಾಗೆ ಕಾಣುವ ಒಂದೊಂದೂ ಒಂದು ಹೂ. ನಡುವಿನ ಕೊಳವೆಯಂಥ ಒಂದೊಂದೂ ಒಂದು ಹೂ. ಬೀಜ ಕಟ್ಟುವುದು ಇವೇ. ನಾನು ಕುಸುಬೆ ಬಿಡಿಸಿ ನೋಡಿದೆ. ಅದರಲ್ಲಿ ಅಂಚಿನ ಎಸಳು ಹೂಗಳೇ ಇಲ್ಲ, ಬರೀ ಕೊಳವೆ ಹೂಗಳು.

ಇಷ್ಟು ದೊಡ್ಡ ಕುಟುಂಬದಲ್ಲಿ ಯಾರಿಗೆ ಯಾರು ಹತ್ತಿರ? 1873ರಲ್ಲಿ ಜಾರ್ಜ್ ಬೆಂಥಮ್ ಎಂಬ ಸಸ್ಯವಿಜ್ಞಾನಿ ಹೂವಿನ ಭಾಗಗಳನ್ನು ನೋಡಿ 13 ಪಂಗಡ ಮಾಡಿದರು. ಆದರೆ ಬರೀ ರೂಪ ನೋಡಿ ನಂಟಸ್ತನ ಹೇಳುವುದು ಕಷ್ಟ. ಒಂದೇ ಥರ ಕಾಣುವವರೆಲ್ಲ ಅಣ್ಣತಮ್ಮಂದಿರಲ್ಲವಲ್ಲ! ಆದ್ದರಿಂದ ಈಗ ಡಿ.ಎನ್.ಎ. ನೋಡಿ ವಂಶವೃಕ್ಷ ಬರೆಯುತ್ತಾರೆ.

ಅದು ಹೇಗೆ? ಒಬ್ಬಳು ತನ್ನ ನೋಟ್ಸಿನಲ್ಲಿ ನಾಲ್ಕು ಪುಟಗಳನ್ನು ಹಿಂದುಮುಂದು ಮಾಡಿ ಹೊಲಿದಳು ಎಂದುಕೊಳ್ಳಿ. ಆಮೇಲೆ ಅದನ್ನು ನಕಲು ಮಾಡಿದವರೆಲ್ಲರ ನೋಟ್ಸಿನಲ್ಲೂ ಆ ಪುಟಗಳು ಹಿಂದುಮುಂದಾಗಿಯೇ ಇರುತ್ತವೆ. ಅದಕ್ಕೂ ಮೊದಲೇ ನಕಲು ಮಾಡಿದವರದ್ದು ಸರಿಯಾಗಿರುತ್ತದೆ. 1987ರಲ್ಲಿ ಜಾನ್ಸೆನ್ ಮತ್ತು ಪಾಮರ್ ಎಂಬ ವಿಜ್ಞಾನಿಗಳು ಕ್ಲೋರೋಪ್ಲಾಸ್ಟಿನ ಡಿ.ಎನ್.ಎ.ಯಲ್ಲಿ ಇಂಥದ್ದೇ ಒಂದು ತಿರುವುಮುರುವಾದ ತುಂಡನ್ನು ಕಂಡರು. ದಕ್ಷಿಣ ಅಮೆರಿಕದ ಒಂದು ಸಣ್ಣ ಗುಂಪಿನಲ್ಲಿ ಮಾತ್ರ ಅದು ಇರಲಿಲ್ಲ. ಬೇರೆ ಕುಟುಂಬದ ಗಿಡಗಳಲ್ಲೂ ಇರಲಿಲ್ಲ. ಅಂದರೆ ಆ ಸಣ್ಣ ಗುಂಪೇ ಎಲ್ಲರಿಗಿಂತ ಮೊದಲು ಕವಲೊಡೆದದ್ದು ಅಂತಾಯ್ತು.

ಈ ಲೆಕ್ಕದಲ್ಲಿ ನಮ್ಮೂರಿನ ಗಿಡಗಳನ್ನು ಜೋಡಿಸಿದರೆ ಹೀಗೆ:

1. ಸೂರ್ಯಕಾಂತಿ, ಕಾಂಗ್ರೆಸ್ ಗಿಡ – ಒಂದೇ ಪಂಗಡ.
2. ಚೆಂಡುಹೂ, ಹುಚ್ಚೆಳ್ಳು – ಬೇರೆ ಪಂಗಡಗಳು, ಆದರೆ ಸೂರ್ಯಕಾಂತಿಗೆ ಹತ್ತಿರದ ನೆಂಟರು.
3. ಸೇವಂತಿಗೆ – ಇನ್ನೂ ದೂರದ ನೆಂಟ. ಸಂತೆಯಲ್ಲಿ ಚೆಂಡುಹೂವಿನ ಪಕ್ಕದಲ್ಲೇ ಇದ್ದರೂ ಸರಿಯೇ!
4. ಕುಸುಬೆ – ಇವರೆಲ್ಲರಿಗಿಂತ ದೂರ.

ಇದೆಲ್ಲ ತಿಳಿದು ರೈತರಿಗೇನು ಲಾಭ ಅಂತ ಕೇಳಬಹುದು. ಕಾಂಗ್ರೆಸ್ ಗಿಡ ತಿನ್ನಲೆಂದು ಮೆಕ್ಸಿಕೋದ ಒಂದು ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಗಿಡಗಳನ್ನು ಚೆನ್ನಾಗಿಯೇ ತಿಂದಿತು. ಆದರೆ 1990ರ ದಶಕದ ಆರಂಭದಲ್ಲಿ ಅದೇ ಜೀರುಂಡೆ ಸೂರ್ಯಕಾಂತಿ ಎಲೆಯನ್ನೂ ಕಚ್ಚಿದ್ದು ಕಂಡು ದೊಡ್ಡ ಚರ್ಚೆಯಾಯಿತು. ಪರೀಕ್ಷಿಸಿದಾಗ, ಸೂರ್ಯಕಾಂತಿ ಎಲೆ ಮೇಲೆ ಕಾಂಗ್ರೆಸ್ ಗಿಡದ ಪರಾಗ ಬಿದ್ದಿದ್ದರೆ ಅದು ತಿನ್ನುತ್ತದೆ ಎಂದು ತಿಳಿಯಿತು. ಬೆಳೆಗೆ ಹೆದರಿದಷ್ಟು ನಷ್ಟವಾಗಲಿಲ್ಲ. ಆದರೂ ಎಚ್ಚರ ಬೇಕೇ ಬೇಕು. ಹತ್ತಿರದ ಸಂಬಂಧಿ ಗಿಡಗಳು ಕೀಟಕ್ಕೂ ಒಂದೇ ಥರ ರುಚಿಸಬಹುದು. ಅದಕ್ಕೇ ಕಳೆ ತಿನ್ನುವ ಕೀಟವನ್ನು ಬಿಡುವ ಮೊದಲು ಆ ಕಳೆಯ ಹತ್ತಿರದ ನೆಂಟರ ಮೇಲೆ ಪರೀಕ್ಷೆ ಮಾಡುತ್ತಾರೆ. ನೆಂಟರು ಯಾರೆಂದು ಹೇಳುವುದು ವಂಶವೃಕ್ಷವೇ.

ಮಾಡಿ ನೋಡಿ: ಒಂದು ಚೆಂಡುಹೂ ಬಿಡಿಸಿ, ಅದರಲ್ಲಿ ಎಷ್ಟು ಹೂಗಳಿವೆ ಎಣಿಸಿ. ಕಾಂಗ್ರೆಸ್ ಗಿಡದ ಬಿಳಿ ಹೂವಿನ ಅಂಚಿನಲ್ಲಿ ಐದು ಎಸಳು ಹೂ ಇರುತ್ತವೆ, ನೋಡಿ. ಆದರೆ ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ತುರಿಕೆ ಬರುತ್ತದೆ.